ಕೆಳಗೆ, ಎಡಕ್ಕೆ

ಎರಡನೇ ಕೊಯ್ಲಿನ ಹುಲ್ಲನ್ನು ಉರುಳೆ ಕಟ್ಟಿ ಕೊಟ್ಟಿಗೆಯ ಪಕ್ಕಕ್ಕೆ ಒಟ್ಟಿಯಾಗಿತ್ತು. ಬೆಳಿಗ್ಗೆ ಎದ್ದರೆ ದನ ಕುಡಿಯುವ ತೊಟ್ಟಿಯ ನೀರಿನ ಮೇಲೆ ತೆಳ್ಳನೆಯ ಹಿಮದ ಪೊರೆ. ಬಿಸಿಲೇರಿದರೆ ಮತ್ತೆ ಬೇಸಿಗೆಯ ಹಾಗೆ ಮಿಡತೆಗಳ ಸದ್ದು. ಪಡುವಣ ಬೆಟ್ಟಸಾಲಿನ ಬುಡದ ಆಸ್ಪೆನ್ ತೋಪಿನಲ್ಲಿ ಅಲ್ಲೊಂದು ಇಲ್ಲೊಂದು ಕೊಂಬೆ ಹಳದಿಗೆ ತಿರುಗಿತ್ತು. ಎಲ್ಕ್ ಎಂಬ ದೊಡ್ಡ ಕಡವೆಯ ಬೇಟೆಗೆ ಬೆಟ್ಟ ಹತ್ತುವ ದಿನ ಹತ್ತಿರವಾದಾಗ ಮಾಂಟಾನಾದ ಈ ಕಣಿವೆಯಲ್ಲಿ ಎಲ್ಲರೂ ಮಾಡುವ ಕೆಲಸವನ್ನೇ ಡೆಲ್ಮರ್ ಮಾಡುತ್ತಿದ್ದ. ಹೇಸರಗತ್ತೆಯ ಹಿಂಗಾಲನ್ನು ತೊಡೆಗಳ ಮಧ್ಯೆ ಸಿಕ್ಕಿಸಿಕೊಂಡು, ಬೆಳೆದ ಗೊರಸನ್ನು ಹೆರೆದು, ಹೊಸ ಲಾಳ ಅಳತೆಗೆ ಕೂರುತ್ತದೆಯೇ ಎಂದು ನೋಡುತ್ತಿದ್ದ. ಹೇಸರಗತ್ತೆ ತನ್ನ ಭಾರವನ್ನೆಲ್ಲ ಮೆಲ್ಲಗೆ ಅವನ ಬೆನ್ನಿನ ಮೇಲೆ ಬಿಟ್ಟಿತು. ಅವನು ಗದರಿದ. ಗದರಿದ ದನಿ ಅವನಿಗೇ ಹಿಡಿಸಲಿಲ್ಲ. ಬೆಳಗಿನಿಂದ ಯಾವ ಸದ್ದೂ ಹಿಡಿಸುತ್ತಿರಲಿಲ್ಲ. ಲಾಳದ ಮೊಳೆಯ ಮೇಲೆ ಸುತ್ತಿಗೆ ಬಿದ್ದಾಗಲೆಲ್ಲ, ಬೀಳುವುದಕ್ಕೆ ಒಂದು ಕ್ಷಣ ಮೊದಲೇ, ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮೊದಲಿನಿಂದಲೂ ಹೀಗೇ ಮುಚ್ಚಿಕೊಳ್ಳುತ್ತಿತ್ತೋ, ಈಗ ಗಮನಿಸುತ್ತಿರುವುದರಿಂದ ಹೀಗೋ ಎಂದು ಪರೀಕ್ಷಿಸಲು ಅವನು ಕಣ್ಣನ್ನು ಅಗಲಿಸಿ ಹಿಡಿದು ಒಂದು ಏಟು ಹಾಕಿದ. ಏಟು ಜಾರಿ ಹೆಬ್ಬೆರಳಿಗೆ ಬಿತ್ತು.

ಮಧ್ಯಾಹ್ನ ಊಟವಾದ ಮೇಲೆ ಚಿಕ್ಕಂದಿನ ಗೆಳೆಯ ರಾಯ್ಸ್ ಬರುವವನಿದ್ದ. ಇಬ್ಬರೂ ಪಟ್ಟಣಕ್ಕೆ ಹೋಗಿ ಡೆಲ್ಮರ್‌ಗೆ ಒಂದು ರಿವಾಲ್ವರ್ ಆರಿಸುವುದೆಂದು ಮಾತಾಗಿತ್ತು. ಮಾತಾದದ್ದು ಚರ್ಚಿನ ಮೆಟ್ಟಿಲ ಮೇಲೆ, ಹತ್ತು ಜನರ ಎದುರಿಗೆ. ರಾಯ್ಸ್ ತನ್ನ ಎಡಗೈಯನ್ನು ಅವನ ಹೆಗಲ ಮೇಲಿಟ್ಟು, ಈ ವರ್ಷವೂ ಮೇಲಿನ ಡೇರೆಗೆ ಹೋಗೋಣ, ನೀನು ಗನ್ನು ಹಿಡಿ, ನಾನು ಜೊತೆಗಿದ್ದು ಆರಿಸಿಕೊಡುತ್ತೇನೆ ಅಂದಿದ್ದ. ಕೇಳಿದವರ ಮುಖದಲ್ಲಿ ಮೂಡಿದ್ದ ಮೆಚ್ಚುಗೆಯನ್ನು ಡೆಲ್ಮರ್ ಇನ್ನೂ ಮರೆತಿಲ್ಲ. ಎಷ್ಟು ದೊಡ್ಡ ಮನಸ್ಸು ನೋಡಿ ಈ ರಾಯ್ಸ್‌ನದು, ಎನ್ನುವ ಮೆಚ್ಚುಗೆ. ಆಮೇಲೆ ಆ ಕಣ್ಣುಗಳೆಲ್ಲ ತಿರುಗಿದ್ದು ಹೆಗಲ ಮೇಲಿದ್ದ ಎಡಗೈಗಲ್ಲ, ಪ್ಯಾಂಟಿನ ಜೇಬಿನೊಳಗಿದ್ದ ಬಲಗೈಗೆ.

ಆ ಬಲಗೈಯಲ್ಲಿ ಈಗ ಹೆಬ್ಬೆರಳು, ಕಿರುಬೆರಳು ಮಾತ್ರ ಉಳಿದಿವೆ. ಅದು ಕರಡಿ ಮಾಡಿದ್ದಲ್ಲವೆಂದು ಊರಿಗೆಲ್ಲ ಗೊತ್ತು. ಹೋದ ಶರತ್ಕಾಲದಲ್ಲಿ ತೊರೆಯ ಮೇಲ್ದಂಡೆಯಲ್ಲಿ, ಹಿಂದಿನ ಸಂಜೆ ಬಿದ್ದಿದ್ದ ಎಲ್ಕಿನ ಹೊಟ್ಟೆ ಬಗೆಯುತ್ತ ರಾಯ್ಸ್ ಮಂಡಿಯೂರಿ ಕೂತಿದ್ದ. ಡೆಲ್ಮರ್ ಹತ್ತಡಿ ಆಚೆ ಹಗ್ಗ ಬಿಡಿಸುತ್ತಿದ್ದ. ವಿಲೋ ಪೊದೆ ಎರಡಾಗಿ ಸೀಳಿ ಒಳಗಿನಿಂದ ಕಂದು ಬಣ್ಣದ್ದೊಂದು ಬಂತು, ಸದ್ದೇ ಇಲ್ಲದೆ. ಅಷ್ಟು ದೊಡ್ಡದು ಸದ್ದಿಲ್ಲದೆ ಬಂದದ್ದೇ ಅವನಿಗೆ ಇವತ್ತಿಗೂ ಎಲ್ಲಕ್ಕಿಂತ ಅಸಹ್ಯವಾಗಿ ನೆನಪಿರುವುದು. ರಾಯ್ಸ್ ಇಲ್ಲಿಯವರಿಗೆ ಚಿಕ್ಕಂದಿನಿಂದ ಕಲಿಸುವುದನ್ನೇ ಮಾಡಿದ. ಬೋರಲು ಬಿದ್ದು ಎರಡೂ ಕೈ ಹಿಂದಕ್ಕೆ ತಂದು ಕುತ್ತಿಗೆಯ ಮೇಲೆ ಬೆರಳು ಹೆಣೆದುಕೊಂಡ. ಕರಡಿ ಅವನ ಹೆಗಲು ಕಚ್ಚಿ ಜಗ್ಗುತ್ತಿತ್ತು. ಡೆಲ್ಮರ್ ದೊಡ್ಡ ರಿವಾಲ್ವರಿನಲ್ಲಿದ್ದ ಅಷ್ಟೂ ಗುಂಡು ಹೊಡೆದ. ಕರಡಿ ಸತ್ತಿತು. ಕುತ್ತಿಗೆ ಕಾಯುತ್ತಿದ್ದ ಕೈಗೆ ಒಂದು ಗುಂಡು ತಾಗಿತ್ತು.

ಇದರಲ್ಲಿ ನಿನ್ನ ತಪ್ಪೇನಿದೆ ಎಂದು ಎಲ್ಲರೂ ಹೇಳಿದರು. ವಿಚಾರಣೆಗೆ ಬಂದ ಅಧಿಕಾರಿ ಹೇಳಿದ, ಪಾದ್ರಿ ಹೇಳಿದರು, ಆಸ್ಪತ್ರೆಯ ಹಾಸಿಗೆಯಿಂದ ರಾಯ್ಸೇ ಹೇಳಿದ. ಬೇರೆಯವನಾಗಿದ್ದರೆ ಮರ ಹತ್ತಿರುತ್ತಿದ್ದ ಅಂದರು. ಡೆಲ್ಮರ್‌ನ ಹೆಂಡತಿ ಅರ್ಲೀನ್ ಮಾತ್ರ ಏನೂ ಹೇಳಲಿಲ್ಲ. ಅದಕ್ಕೆ ಹಿಂದಿನ ಬೇಸಿಗೆಯುದ್ದಕ್ಕೂ ಗಂಡ ಬೇಲಿಯ ಕಂಬದ ಮೇಲೆ ಡಬ್ಬಿಗಳನ್ನಿಟ್ಟು ಹಾರಿಸುವುದನ್ನು ಅವಳು ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳು. ಡೆಲ್ಮರ್ ಹೊಡೆಯುತ್ತಿದ್ದುದು ಮೆತ್ತನೆಯ ತೋಟಾಗಳಿಂದ. ಅದೇ ಗನ್ನಿಗೆ ಹೊಂದುವ, ಕಡಿಮೆ ಮದ್ದಿನ ತೋಟಾ. ಅದರ ಒದೆತ ಮಗು ತಳ್ಳಿದ ಹಾಗೆ. ಕರಡಿಗೆಂದು ತುಂಬುವ ಗಟ್ಟಿ ತೋಟಾ ಹಾರಿಸಿದರೆ ಮಣಿಕಟ್ಟಿನಿಂದ ಮೊಣಕೈವರೆಗೆ ನೋವು, ರಾತ್ರಿಯಿಡೀ ಬೆರಳಲ್ಲಿ ಜೋಮು. ಹಾಗಾಗಿ ಡಬ್ಬಿಗೆ ಮೆತ್ತನೆಯದು, ಬೆಟ್ಟಕ್ಕೆ ಗಟ್ಟಿಯದು. ಇದು ಅವನೊಬ್ಬನ ರೂಢಿಯೂ ಅಲ್ಲ, ಕಣಿವೆಯ ಅರ್ಧ ಗಂಡಸರು ಹೀಗೇ ಮಾಡುತ್ತಾರೆ, ಯಾರೂ ಹೇಳಿಕೊಳ್ಳುವುದಿಲ್ಲ. ಸಣ್ಣ ಗನ್ನು ಸೊಂಟಕ್ಕೆ ಕಟ್ಟಿಕೊಂಡು ಕಾಫಿ ಅಂಗಡಿಗೆ ಹೋಗಲು ಯಾರಿಗೂ ಇಷ್ಟವಿಲ್ಲ. ಅವತ್ತು ತೊರೆಯ ದಂಡೆಯಲ್ಲಿ ಟ್ರಿಗರ್ ಒತ್ತುವ ಮೊದಲೇ ಕೈಗೆ ಆ ನೋವು ನೆನಪಾಗಿತ್ತೇ? ನೆನಪಾಗಿ ಹೆದರಿ, ಅದು ತಾನಾಗಿ ಕೆಳಗೆ ಬಾಗಿತ್ತೇ? ಕಣ್ಣು ತೆರೆದಿತ್ತೇ? ಆ ಕಂದು ರೋಮದ ಅಲೆ ಅವನಿಗೆ ಚೆನ್ನಾಗಿ ನೆನಪಿದೆ, ಒಂದೊಂದು ಗುಂಡಿನ ಸದ್ದೂ ನೆನಪಿದೆ. ಸದ್ದಾದ ಕ್ಷಣದಲ್ಲಿ ಏನು ಕಂಡಿತ್ತು ಎಂಬುದು ಮಾತ್ರ ಇಲ್ಲ. ಆ ಜಾಗದಲ್ಲೆಲ್ಲ ಕತ್ತಲೆ.

ಅವನಿಗೆ ಬೇಕಿದ್ದುದು ಒಂದೇ. ಇನ್ನೊಮ್ಮೆ, ಈ ಶರತ್ಕಾಲ, ಅದೇ ದಂಡೆಯಲ್ಲಿ ರಾಯ್ಸ್ ಮಂಡಿಯೂರಿ ಕೂತಿರಬೇಕು, ಅವನ ಬೆನ್ನ ಹಿಂದೆ ತಾನು ಗನ್ನು ಹಿಡಿದು ನಿಂತಿರಬೇಕು. ಕರಡಿ ಬರಬೇಕೆಂದೇನಿಲ್ಲ. ಬರದಿದ್ದರೂ ಸರಿ, ರಾಯ್ಸ್ ಕುತ್ತಿಗೆಯನ್ನು ತನಗೆ ಒಪ್ಪಿಸಿ ನೆಮ್ಮದಿಯಾಗಿ ಕತ್ತಿ ಆಡಿಸುತ್ತಿದ್ದರೆ ಸಾಕು, ತನ್ನ ಮೇಲಿರುವ ಋಣ ಅಷ್ಟರಮಟ್ಟಿಗೆ ತೀರುತ್ತದೆ ಎಂದು ಅವನು ಚಳಿಗಾಲವೆಲ್ಲ ಅಂದುಕೊಂಡಿದ್ದ. ಹಳೆಯ ಗನ್ನನ್ನು ವಸಂತದಲ್ಲಿ ಗುರುತಿಲ್ಲದ ಯಾರಿಗೋ ಮಾರಿದ್ದೂ ಇದಕ್ಕೇ. ಹೊಸ ಗನ್ನು, ಹೊಸ ಕೈ. ಆದರೆ ಮೆಟ್ಟಿಲ ಮೇಲೆ ರಾಯ್ಸ್ ತಾನಾಗಿ ಕರೆದಾಗ ಅವನಿಗಾದದ್ದು ಸಂತೋಷವಲ್ಲ. ಕರೆದದ್ದು ಕ್ಷಮಿಸಿಯೋ, ಪರೀಕ್ಷಿಸಲೋ ಎಂದು ತಿಳಿಯದೆ, ನಕ್ಕು, ಆಗಲಿ ಅಂದಿದ್ದ.

ರಾಯ್ಸ್‌ನ ಟ್ರಕ್ಕು ಬಂದಾಗ ಅವನು ಬಾಗಿಲ ಬಳಿಯೇ ನಿಂತಿದ್ದ. ಅರ್ಲೀನ್ ಒಳಗಿನಿಂದ ಬಂದು, ಕರಡಿಯ ಕಣ್ಣಿಗೆ ಖಾರ ಚಿಮ್ಮುವ ಡಬ್ಬಿಯನ್ನೂ ಒಂದು ತಗೊಂಡು ಬನ್ನಿ, ಅದಾದರೆ ಯಾರಿಗೂ ತೂತಾಗುವುದಿಲ್ಲ ಅಂದಳು. ಹೇಳಿಯಾದ ಮೇಲೆ ತುಟಿ ಕಚ್ಚಿಕೊಂಡಳು. ರಾಯ್ಸ್ ನಕ್ಕ. ಬೆಟ್ಟದ ಮೇಲೆ ಗಾಳಿ ಯಾವಾಗಲೂ ನಮ್ಮ ಮುಖಕ್ಕೇ ಬೀಸೋದು ಅರ್ಲೀನ್, ನಾವೇ ಕುರುಡರಾಗ್ತೀವಿ ಅಂದ. ಟ್ರಕ್ಕು ಓಡಿಸುವಾಗ ಅವನು ಗೇರನ್ನು ಎಡಗೈಯನ್ನು ಅಡ್ಡ ತಂದು ಹಾಕುತ್ತಿದ್ದ, ಆ ಹೊತ್ತಿನಲ್ಲಿ ಸ್ಟಿಯರಿಂಗನ್ನು ಬಲಗೈಯ ಆ ಎರಡು ಬೆರಳು ಇಕ್ಕಳದ ಹಾಗೆ ಹಿಡಿದಿರುತ್ತಿದ್ದವು. ತಾನು ಓಡಿಸಲೇ ಎಂದು ಕೇಳಬೇಕೆಂದು ದಾರಿಯುದ್ದಕ್ಕೂ ಡೆಲ್ಮರ್‌ನ ನಾಲಿಗೆಯ ತುದಿಗೆ ಬಂದು ಹೋಯಿತು. ಕೇಳಿದರೆ ಒಂದು ಅರ್ಥ, ಕೇಳದಿದ್ದರೆ ಇನ್ನೊಂದು. ಹೊರಗೆ ಕೊಯ್ದ ಗದ್ದೆಗಳು ಬೋಳುಬೋಳಾಗಿ ಹಿಂದಕ್ಕೆ ಹೋಗುತ್ತಿದ್ದವು. ರಾಯ್ಸ್ ಹುಲ್ಲಿನ ಮಾತು, ಕರುಗಳ ತೂಕದ ಮಾತು ಆಡಿದ. ಎಡಗೈಯಲ್ಲಿ ಗಡ್ಡ ಹೆರೆಯಲು ಕಲಿತದ್ದನ್ನು ಹೇಳಿದ, ಮೊದಲ ತಿಂಗಳು ಮುಖವೆಲ್ಲ ಗಾಯ, ಬೆಕ್ಕಿನ ಜೊತೆ ಜಗಳವಾಡಿದವನ ಹಾಗೆ. ಡೆಲ್ಮರ್ ಎಲ್ಲಿ ನಗಬೇಕೋ ಅಲ್ಲೆಲ್ಲ ನಕ್ಕ.

ನೆಲ್ಡಾಳ ಅಂಗಡಿಯಲ್ಲಿ ಮುಂದಿನ ಅರ್ಧ ದನದ ಮೇವು, ಬೇಲಿತಂತಿ, ಲಾಳ; ಹಿಂದಿನ ಅರ್ಧ ಬಂದೂಕು. ನಲವತ್ತು ದಾಟಿದ, ದಪ್ಪ ಕನ್ನಡಕದ ಹೆಂಗಸು; ಅವಳಪ್ಪ ಇದ್ದಾಗಿನಿಂದ ಗಲ್ಲಾದ ಹಿಂದೆ ನಿಂತವಳು. ಅವಳು ಹಸಿರು ಬಟ್ಟೆ ಹಾಸಿ ಅದರ ಮೇಲೆ ಮೂರು ರಿವಾಲ್ವರ್ ಸಾಲಾಗಿ ಇಟ್ಟಳು, ದೊಡ್ಡದರಿಂದ ಚಿಕ್ಕದಕ್ಕೆ. ಕಾಫಿ ಪಾತ್ರೆಯ ಪಕ್ಕದ ಬೆಂಚಿನ ಮೇಲೆ ಕೂತಿದ್ದ ನಾಲ್ಕೈದು ಜನ ಮಾತು ನಿಲ್ಲಿಸಿದರು. ಡೆಲ್ಮರ್ ದೊಡ್ಡದನ್ನು ಎತ್ತಿದ. ಎತ್ತಿದ್ದು ಅವರಿಗಾಗಿ ಎಂದು ಎತ್ತಿದ ಮೇಲೆ ಗೊತ್ತಾಯಿತು. ತಣ್ಣಗಿನ, ಸತ್ತ ಮೀನಿನಂಥ ಭಾರ. ಅದನ್ನು ಕೆಳಗಿಟ್ಟು ಚಿಕ್ಕದಕ್ಕೆ ಕೈ ಹಾಕಲು ಆ ಬೆಂಚಿನ ಎದುರಿಗೆ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ರಾಯ್ಸ್, ಬೆಂಚಿನವರಿಗೂ ಕೇಳುವ ಹಾಗೆ ಹೇಳಿದ:

"ನೋಡ್ಕೊಂಡು ತಗೊಳಯ್ಯ. ನಂಗೆ ಇನ್ನೊಂದೇ ಕೈ ಉಳಿದಿರೋದು."

ಬೆಂಚು ಗೊಳ್ಳೆಂದಿತು. ನೆಲ್ಡಾ ಕೂಡ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವನು ಡೆಲ್ಮರ್. ನಗುತ್ತಲೇ ಅವನಿಗೆ ಅನ್ನಿಸಿತು, ಈ ಮಾತು ಈಗ ಹುಟ್ಟಿದ್ದಲ್ಲ, ರಾಯ್ಸ್ ಇದನ್ನು ಎಷ್ಟೋ ದಿನದಿಂದ ಒಳಗೆ ಇಟ್ಟುಕೊಂಡು ತಿಕ್ಕಿ ತಿಕ್ಕಿ ಹೊಳಪು ಬರಿಸಿದ್ದಾನೆ. ಇಲ್ಲ, ಹಾಗೆ ಯೋಚಿಸುವುದೇ ಸಣ್ಣತನ. ತನ್ನ ಮುಜುಗರ ಕಳೆಯಲೆಂದೇ ಅವನು ನಗಿಸಿರಬಹುದು. ಒಳ್ಳೆಯವನ ಒಳ್ಳೆಯತನವನ್ನು ಹೀಗೆ ಬಗೆದು ನೋಡುವಂತೆ ಮಾಡಿದ್ದಕ್ಕಾಗಿ ಅವನಿಗೆ ರಾಯ್ಸ್‌ನ ಮೇಲೆ ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ನಾಚಿಕೆಯಾಯಿತು.

ನೆಲ್ಡಾ ವ್ಯಾಪಾರದ ಮಾತಿಗಿಳಿದಳು. ದೊಡ್ಡದು ಮಾರಿದರೆ ತನಗೇ ಲಾಭ, ಆದರೆ ಅದು ಆನೆ ಹೊಡೆಯುವವರಿಗೆ. ನಡುವಿನದು ಇಲ್ಲಿ ಎಲ್ಲರೂ ಒಯ್ಯುವ ನಲವತ್ನಾಲ್ಕು ಕ್ಯಾಲಿಬರಿನದು. ಚಿಕ್ಕದಕ್ಕೆ ಗಟ್ಟಿ ಸೀಸದ ತೋಟಾ ಹಾಕಿದರೆ ಕರಡಿಯ ಬುರುಡೆಗೆ ಅದೂ ಸಾಕು. ಆಟೋಮ್ಯಾಟಿಕ್ ಪಿಸ್ತೂಲು ತೋರಿಸುವುದೇ ಇಲ್ಲ ಅಂದಳು. ಕರಡಿ ಮೈಮೇಲೆ ಬಿದ್ದಾಗ ಅದರ ರೋಮಕ್ಕೆ ಮೂತಿ ಒತ್ತಿ ಹೊಡೆಯಬೇಕಾಗುತ್ತದೆ, ಹಾಗೆ ಒತ್ತಿದರೆ ಪಿಸ್ತೂಲು ಸಿಕ್ಕಿಕೊಳ್ಳುತ್ತದೆ, ರಿವಾಲ್ವರ್ ಸಿಕ್ಕಿಕೊಳ್ಳುವುದಿಲ್ಲ.

"ಮಾತಲ್ಲಿ ಗೊತ್ತಾಗಲ್ಲ. ಹಿಂದೆ ಹೋಗಿ ಹಾರಿಸಿ ನೋಡಿ," ಅಂದಳು.

ಅಂಗಡಿಯ ಹಿಂದೆ ಮಣ್ಣಿನ ದಿಬ್ಬ, ಅದರ ಮುಂದೆ ಹಲಗೆಗೆ ಹೊಡೆದ ಬಿಳಿ ಕಾಗದದ ತಟ್ಟೆಗಳು. ಒಣಹುಲ್ಲಿನಲ್ಲಿ ಮಿಡತೆಗಳು. ಕಿವಿಗೆ ಮುಚ್ಚಳ ಹಾಕಿಕೊಂಡ ಮೇಲೆ ಡೆಲ್ಮರ್‌ಗೆ ತನ್ನ ಉಸಿರೇ ದೊಡ್ಡದಾಗಿ ಕೇಳತೊಡಗಿತು. ದೊಡ್ಡದನ್ನು ಒಮ್ಮೆ ಹಾರಿಸಿದ. ಗುಂಡು ತಟ್ಟೆಯನ್ನೂ ಹಲಗೆಯನ್ನೂ ಬಿಟ್ಟು ದಿಬ್ಬದ ಮಣ್ಣೆಬ್ಬಿಸಿತು. ನೆಲ್ಡಾ ಮಾತಾಡದೆ ಅದನ್ನು ತೆಗೆದುಕೊಂಡು ನಡುವಿನದನ್ನು ಕೈಗಿಟ್ಟಳು. ಅದರಲ್ಲಿ ಒಂದು ತಟ್ಟೆಯ ಅಂಚಿಗೆ ಬಿತ್ತು, ಎರಡು ಹಲಗೆಗೆ. ಚಿಕ್ಕದು ಹಿತವಾಗಿತ್ತು. ಅಂಗೈಗೆ ಕೂತಿತ್ತು, ಒದೆತ ತಡೆಯುವಂತಿತ್ತು. ಇದೇ ಇರಲಿ, ಬೆಂಚಿನವರು ಏನಾದರೂ ಅಂದುಕೊಳ್ಳಲಿ ಎಂದು ಅವನು ಮೊದಲ ಸಲ ಸ್ವಲ್ಪ ಹಗುರಾದ. ಆ ಹೊತ್ತಿಗೆ ಯಾರೋ ಮೇವಿನ ಚೀಲ ಕೇಳಿಕೊಂಡು ಬಂದರೆಂದು ನೆಲ್ಡಾ ಒಳಗೆ ಹೋದಳು.

ರಾಯ್ಸ್ ಚಿಕ್ಕ ರಿವಾಲ್ವರನ್ನು ಅವನ ಕೈಯಿಂದ ತೆಗೆದುಕೊಂಡ. ಬೆನ್ನು ತಿರುಗಿಸಿ ನಿಂತ. ಗನ್ನನ್ನು ಬಲ ಕಂಕುಳಿಗೆ ಸಿಕ್ಕಿಸಿ, ಎಡಗೈಯಿಂದ ಕೋಟಿನ ಜೇಬು ತಡಕಿ, ಒಂದೊಂದಾಗಿ ತೋಟಾ ತುಂಬಿದ. ತುಂಬುವುದಕ್ಕೆ ಹೊತ್ತು ಹಿಡಿಯಿತು. ಜೇಬಿನೊಳಗೆ ಹಿತ್ತಾಳೆಗೆ ಹಿತ್ತಾಳೆ ತಾಗಿದ ಸದ್ದು ಟೊಳ್ಳಾಗಿತ್ತು. ಸಿಡಿದು ಖಾಲಿಯಾದ ತೋಟಾದ ಸದ್ದು. ಡೆಲ್ಮರ್‌ಗೆ ಆ ಸದ್ದು ಗೊತ್ತಿತ್ತು. ಅವರಿಬ್ಬರಿಗೂ ಚಿಕ್ಕಂದಿನಲ್ಲಿ ಗುರಿ ಕಲಿಸಿದ್ದು ರಾಯ್ಸ್‌ನ ಅಪ್ಪ, ಕಲಿಸಿದ್ದು ಹೀಗೇ. ಜೀವಂತ ತೋಟಾಗಳ ಮಧ್ಯೆ ಸತ್ತ ತೋಟಾ ಕಲಸಿ ತುಂಬಿ ಕೊಡುತ್ತಿದ್ದ. ಗನ್ನಿನ ಯಾವ ಗೂಡಿನಲ್ಲಿ ಯಾವುದಿದೆ ಎಂದು ಹೊಡೆಯುವವನಿಗೆ ಗೊತ್ತಿರುವುದಿಲ್ಲ. ಸಿಡಿಯುವ ತೋಟಾದಲ್ಲಿ ಒದೆತ ಹೆದರಿ ಬಾಗುವ ಕೈಯ ಕಳ್ಳತನವನ್ನು ಮುಚ್ಚಿಬಿಡುತ್ತದೆ. ಸತ್ತ ತೋಟಾದ ಮೇಲೆ ಬರೀ ಟಕ್ ಎನ್ನುತ್ತದೆ, ಆಗ ಕೈ ಏನು ಮಾಡಿತೆಂದು ಪಕ್ಕದಲ್ಲಿ ನಿಂತವನಿಗೆ ಬಟಾಬಯಲು. ಖಾಲಿ ತೋಟಾ ಯಾರ ಕೋಟಿನ ಜೇಬಿಗೂ ತಾನಾಗಿ ಬರುವುದಿಲ್ಲ. ರಾಯ್ಸ್ ಮನೆಯಿಂದಲೇ ತಂದಿದ್ದಾನೆ.

ಬೇಡವೆನ್ನಬಹುದಿತ್ತು. ಮಣಿಕಟ್ಟು ನೋಯುತ್ತಿದೆ ಎನ್ನಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಅವನು ಗನ್ನು ತೆಗೆದುಕೊಂಡು ತಟ್ಟೆಗೆ ಗುರಿಯಿಟ್ಟ. ಮೊದಲನೆಯದು ಸಿಡಿಯಿತು. ಎರಡನೆಯದು ಟಕ್ ಎಂದಿತು.

ಯಾರೋ ದಾರ ಕಟ್ಟಿ ಕೆಳಕ್ಕೆ ಜಗ್ಗಿದ ಹಾಗೆ ಗನ್ನಿನ ಮೂತಿ ಬಾಗಿತು. ಗುಂಡಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಬೆಳಕಿನಲ್ಲಿ ತೋಳು ಚಾಚಿ ನಿಂತ ಗಂಡಸು ಮತ್ತು ತಲೆ ತಗ್ಗಿಸಿದ ಕಬ್ಬಿಣ. ತನ್ನ ರೆಪ್ಪೆಗಳು ಮುಚ್ಚಿದ್ದವೆಂದು ಅವನಿಗೆ ಅವು ತೆರೆದಾಗ ತಿಳಿಯಿತು. ಪಕ್ಕಕ್ಕೆ ನೋಡಲಿಲ್ಲ. ಮುಂದಿನದನ್ನು ಒತ್ತಿದ, ಸಿಡಿಯಿತು. ಅದರ ಮುಂದಿನದು ಟಕ್, ಮತ್ತೆ ಅದೇ ಜಗ್ಗು. ಹಲ್ಲು ಕಚ್ಚಿ, ಈ ಸಲ ಅಲುಗಬಾರದೆಂದು ಇಡೀ ತೋಳನ್ನು ಕಲ್ಲು ಮಾಡಿಕೊಂಡು ಒತ್ತಿದ. ಕಲ್ಲಾದ ತೋಳೇ ಬಾಗಿತು.

ರಾಯ್ಸ್ ಕಿವಿಯ ಮುಚ್ಚಳ ಕಳಚಿ ಹಲಗೆಯ ಕಡೆ ನಡೆದ. ಡೆಲ್ಮರ್ ಹಿಂದೆ ಹೋದ, ಹೋಗದಿರಲು ಆಗಲಿಲ್ಲ. ತಟ್ಟೆ ಹೆಚ್ಚುಕಡಿಮೆ ಬಿಳಿಯಾಗಿಯೇ ಇತ್ತು. ತೂತುಗಳು ಅದರ ಹೊರಗೆ, ಒಂದೇ ಮೂಲೆಯಲ್ಲಿ, ಒಂದಕ್ಕೊಂದು ಹತ್ತಿರ. ರಾಯ್ಸ್ ಎಡಗೈಯ ತೋರುಬೆರಳನ್ನು ಅವುಗಳ ಮೇಲೆ ನಿಧಾನವಾಗಿ ಆಡಿಸಿದ, ಕರುವಿನ ಮೈಯಲ್ಲಿ ಹುಣ್ಣು ಹುಡುಕುವವನ ಹಾಗೆ.

"ಕೆಳಗೆ, ಎಡಕ್ಕೆ," ಅಂದ. ಬೆರಳನ್ನು ಅಲ್ಲೇ ಊರಿ, "ನನ್ನ ಕೈ ಅಲ್ಲೇ ಇತ್ತು."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಎಷ್ಟೋ ದಿನದಿಂದ ಹುಡುಕುತ್ತಿದ್ದ ವಸ್ತು ಕೊನೆಗೂ ಸಿಕ್ಕಿದಾಗ ಬರುವ ದಣಿವಿನಂಥದ್ದು ಇತ್ತು. ಕರಡಿ ಎಳೆದಾಡುತ್ತಿತ್ತು, ಕೈ ಗುಂಡಿಗೆ ಅಡ್ಡ ಬಂತು, ಯಾರಿಗಾದರೂ ಆಗುತ್ತಿತ್ತು: ಊರು ಕಟ್ಟಿಕೊಟ್ಟಿದ್ದ ಆ ಮಾತಿನ ಬೇಲಿ ಈಗ ಇಬ್ಬರ ಮಧ್ಯೆ ಇರಲಿಲ್ಲ. ಕೈ ಅಡ್ಡ ಬಂದಿರಲಿಲ್ಲ. ಕೈ ಇದ್ದಲ್ಲಿಗೆ ಗುಂಡು ಹೋಗಿತ್ತು.

"ಎಷ್ಟು ದಿನದಿಂದ ಹೀಗೆ?"

ಡೆಲ್ಮರ್‌ನ ಬಾಯಲ್ಲಿ ಎಲ್ಲವೂ ಸಿದ್ಧವಾಗಿತ್ತು. ಬೇಲಿಯ ಕಂಬ, ಡಬ್ಬಿ, ಮೆತ್ತನೆಯ ತೋಟಾ, ರಾತ್ರಿಯ ಜೋಮು. ಹೇಳಿದ್ದರೆ ಏನಾಗುತ್ತಿತ್ತೋ. ಅವನಿಗೆ ಕೇಳಿಸಿದ್ದು ತನ್ನದೇ ದನಿ, "ಅದಾದ ಮೇಲೆ ಕಣೋ. ಅವತ್ತಿಂದ ಹೆದರಿಕೆ ಕೂತುಬಿಟ್ಟಿದೆ. ಮೊದಲು ಹೀಗಿರ್ಲಿಲ್ಲ."

ರಾಯ್ಸ್ ಅವನ ಮುಖವನ್ನು ನೋಡಿದ. ನಂಬಿದನೋ ಇಲ್ಲವೋ ಹೇಳುವಂತಿರಲಿಲ್ಲ. ತಲೆಯಾಡಿಸಿದ, ಹವೆಯ ಬಗ್ಗೆ ಏನೋ ಹೇಳಿದವರಿಗೆ ತಲೆಯಾಡಿಸುವಂತೆ. ಗನ್ನು ಇಟ್ಟಿದ್ದ ಮೇಜಿನ ಬಳಿಗೆ ಇಬ್ಬರೂ ವಾಪಸು ಬಂದರು. ರಾಯ್ಸ್ ಜೇಬಿನಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಸುರಿದ, ಜೀವ ಇದ್ದವು ಸತ್ತವು ಎಲ್ಲ ಒಟ್ಟಿಗೆ.

"ಈಗ ನೀನು ತುಂಬು. ನಾ ನೋಡಲ್ಲ," ಎಂದು ದಿಬ್ಬದ ಕಡೆ ಮುಖ ಮಾಡಿ ನಿಂತ.

ಡೆಲ್ಮರ್ ತುಂಬತೊಡಗಿದ. ಎದುರಿಗೆ ರಾಯ್ಸ್‌ನ ಕುತ್ತಿಗೆ ಇತ್ತು, ಬಿಸಿಲಿಗೆ ಕೆಂಪಾದ, ಹೆಗಲಿನಿಂದ ಕಿವಿಯವರೆಗೆ ಕಲೆಯ ಗಂಟು ಹಬ್ಬಿದ ಕುತ್ತಿಗೆ. ಇದನ್ನು ಉಳಿಸಿದವನು ತಾನು. ಅದೂ ನಿಜ. ಒಂದು ಸತ್ತದ್ದು, ಒಂದು ಜೀವಂತದ್ದು, ಮತ್ತೆ ಸತ್ತದ್ದು. ತುಂಬುತ್ತ ತುಂಬುತ್ತ ಅವನೊಳಗೆ ಒಂದು ಆಸೆ ತಲೆಯೆತ್ತಿತು. ಇವನ ಕೈಯೂ ಬಾಗಲಿ. ಒಂದೇ ಒಂದು ಸಲ ಬಾಗಲಿ. ಕರಡಿಯಿಂದ ಹೆಗಲು ಕೀಳಿಸಿಕೊಂಡವನು, ಎಡಗೈಯವನು, ಹೇಗೆ ಬಾಗದಿರುತ್ತಾನೆ? ಬಾಗಿದರೆ ಇಬ್ಬರೂ ಒಟ್ಟಿಗೆ ನಗಬಹುದು. ದೇವರನ್ನು ಕೇಳಿಕೊಳ್ಳುವಾಗಲೂ ಅವನು ಯಾವುದನ್ನೂ ಇಷ್ಟು ಆಸೆಯಿಂದ ಕೇಳಿರಲಿಲ್ಲ.

ರಾಯ್ಸ್ ಎಡಗೈ ಚಾಚಿದ. ಬಲಗೈಯ ಉಳಿದ ಭಾಗವನ್ನು ಮಣಿಕಟ್ಟಿನ ಕೆಳಗೆ ಊರುಗೋಲಿನ ಹಾಗೆ ಕೊಟ್ಟ. ಟಕ್ ಎಂದಿತು. ಮೂತಿ ಇದ್ದಲ್ಲೇ ಇತ್ತು. ಮುಂದಿನದು ಸಿಡಿದು ತಟ್ಟೆಯ ಬಲ ಅಂಚು ಹರಿಯಿತು. ಟಕ್. ಮೂತಿಯ ಮೇಲೆ ಕಾಸು ಇಟ್ಟಿದ್ದರೂ ಬೀಳುತ್ತಿರಲಿಲ್ಲ. ಅದು ಚಳಿಗಾಲವೆಲ್ಲ ಒಬ್ಬನೇ ಕೊಟ್ಟಿಗೆಯಲ್ಲಿ ನಿಂತು, ಖಾಲಿ ಗನ್ನು ಹಿಡಿದು, ದಿನವೂ ಇದನ್ನೇ ಮಾಡಿದವನ ಕೈ. ಹೊಡೆತ ತಟ್ಟೆಯ ನಡುವಿಗೇನೂ ಬೀಳಲಿಲ್ಲ, ಆದರೆ ಎಲ್ಲ ತಟ್ಟೆಯ ಮೇಲೇ ಬಿದ್ದವು. ಹೊಗೆ ಚದುರಿದ ಮೇಲೆ ರಾಯ್ಸ್ ಗನ್ನನ್ನು ಬಿಚ್ಚಿ ಮೇಜಿನ ಮೇಲಿಟ್ಟ.

"ಇದು ನಂಗಿರ್ಲಿ," ಅಂದ. "ನೀನು ಹೇಸರಗತ್ತೆ ನೋಡ್ಕೊ. ಅಡುಗೆ ನಿಂದು. ಬರ್ತೀಯ ತಾನೆ?"

ಕೇಳಿದ್ದು ಬೇಡಿಕೊಳ್ಳುವ ಹಾಗಿತ್ತು, ಅದೇ ವಿಚಿತ್ರ. ಒಲ್ಲೆ ಎಂದು ಹೇಳುವ ಹಕ್ಕು ಡೆಲ್ಮರ್‌ಗೆ ಇರಲಿಲ್ಲ, ಬರುತ್ತೇನೆ ಎನ್ನುವುದರಲ್ಲಿ ಏನೂ ಉಳಿದಿರಲಿಲ್ಲ. "ಬರ್ತೀನಿ," ಅಂದ. ತೊರೆಯ ದಂಡೆ ಅವನ ಕಣ್ಣೆದುರು ಬಂತು. ಈಗ ಮಂಡಿಯೂರಿ ಕೂತವನು ತಾನು, ರಕ್ತದಲ್ಲಿ ಮೊಣಕೈವರೆಗೆ ತೊಯ್ದವನು ತಾನು, ಹಿಂದೆ ನಿಂತು ಕಾಯುವವನು ರಾಯ್ಸ್. ತಾನು ಇನ್ನು ಅವನಿಂದ ಕಾಯಿಸಿಕೊಳ್ಳುವವನು. ಕರಡಿ ಬಂದರೆ ತಾನು ಬೋರಲು ಬಿದ್ದು ಕುತ್ತಿಗೆಯ ಮೇಲೆ ಬೆರಳು ಹೆಣೆದುಕೊಳ್ಳುತ್ತೇನೆ. ಆಗ ಆ ಎಡಗೈ, ಚಳಿಗಾಲವೆಲ್ಲ ಪಳಗಿದ ಕೈ, ಒಂದು ಕೂದಲೆಳೆಯಷ್ಟು ಬಾಗಿದರೆ, ಒಂದು ಗುಂಡು ತನ್ನ ಬೆರಳುಗಳಿಗೆ ತಾಗಿದರೆ, ಆಮೇಲೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಕಾಫಿ ಕುಡಿಯಬಹುದು. ಅದು ಬಾಗುವುದಿಲ್ಲ. ಈಗಷ್ಟೇ ನೋಡಿಯಾಯಿತು.

ಒಳಗೆ ನೆಲ್ಡಾ ಗನ್ನು ಯಾರ ಹೆಸರಿಗೆ ಬರೆಯಲಿ ಎಂದು ಕೇಳಿದಳು. ರಾಯ್ಸ್ ತನ್ನ ಹೆಸರು ಹೇಳಿದ. ಅವಳು ಡೆಲ್ಮರ್‌ನ ಕಡೆ ನೋಡಿದಳು, ಬೆಂಚೂ ನೋಡಿತು, ಯಾರೂ ಏನೂ ಕೇಳಲಿಲ್ಲ. ಹಿಂದಿನ ದಿಬ್ಬದ ಕಡೆಗೆ ಕಿಟಕಿಯೊಂದಿದೆ ಎಂಬುದು ಆಗ ಡೆಲ್ಮರ್‌ನ ಕಣ್ಣಿಗೆ ಬಿತ್ತು. ಗನ್ನಿಗೆ ಸೊಂಟದ ಒರೆ ಬೇಡ, ಎಡಗೈಗೆ ಹೊಂದುವ ಎದೆಯ ಒರೆ ಇದ್ದರೆ ಕೊಡು ಎಂದ ರಾಯ್ಸ್. ನೆಲ್ಡಾ ಮೇಲಿನ ಅಟ್ಟದಿಂದ ದೂಳು ಹಿಡಿದ ಒಂದನ್ನು ಇಳಿಸಿ ಒರೆಸಿ ಕೊಟ್ಟಳು. ಚರ್ಮದ ಪಟ್ಟಿ ಹೆಗಲ ಮೇಲಿಂದ ಹಾದು ಬೆನ್ನಿನ ಹಿಂದೆ ಕೊಕ್ಕೆ ಸೇರಬೇಕು. ಅವನು ಪಟ್ಟಿಯ ತುದಿಯನ್ನು ಎಡಗೈಯಿಂದ ಹಿಂದಕ್ಕೆಸೆದು, ಬಲಗೈಯ ಎರಡು ಬೆರಳಿನಿಂದ ಹಿಡಿಯಲು ನೋಡಿದ. ಜಾರಿತು. ಮತ್ತೆ ಎಸೆದ. ಬೆಂಚಿನವರು ತಮ್ಮ ಕಾಫಿಯೊಳಗೆ ನೋಡತೊಡಗಿದರು. ಒಬ್ಬನೇ ಕಲಿಯಲಾಗದ ಕೆಲಸ ಅದೊಂದು ಉಳಿದಿತ್ತು.

ರಾಯ್ಸ್ ತಿರುಗದೆಯೇ, "ಡೆಲ್ಮರ್," ಅಂದ.

ಡೆಲ್ಮರ್ ಹಿಂದೆ ಹೋಗಿ ನಿಂತ. ಯಾರೂ ಬಳಸದ ಚರ್ಮ ಬಿರುಸಾಗಿತ್ತು. ಅಂಗಿಯ ಬಟ್ಟೆಯ ಕೆಳಗೆ, ಪಟ್ಟಿ ಹಾಯುವಲ್ಲೇ, ಹೆಗಲಿನ ಕಲೆಯ ಗಂಟುಗಳು ಅವನ ಬೆರಳಿಗೆ ಸಿಕ್ಕಿದವು. ನೋಯಬಾರದೆಂದು ಅವನು ಸಡಿಲವಾಗಿಯೇ ಕೊಕ್ಕೆ ಹಾಕಿ, ಸಾಕೇ ಎಂದು ಕೇಳಿದ.

"ಸಾಲದು. ಇನ್ನೊಂದು ತೂತು ಬಿಗಿ," ಅಂದ ರಾಯ್ಸ್.

ಅವನು ಬಿಗಿದ.